ಊರು ಗೊತ್ತಿಲ್ಲದ ಲೇತ್: ಫಲಕ, ಫೋಟೋ, ಮೇಸ್ತ್ರಿ, ಪಿಚ್ ಗೇಜ್ – ಯಾರ ಮಾತು ನಂಬಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಿಚ್ ಗೇಜಿಗೆ. ಲೋಹದ ತುಂಡನ್ನು ತಿರುಗಿಸಿ ಕಡೆಯುವ ಹಳೆ ಲೇತ್ ಎಲ್ಲಿಯದು ಅಂತ ಪತ್ತೆ ಹಚ್ಚಲು ಕೆಲವರು ಫಲಕ ನೋಡುತ್ತಾರೆ, ಕೆಲವರು ಫೋನಿನಲ್ಲಿ ಫೋಟೋ ಹಾಕಿ ಹುಡುಕುತ್ತಾರೆ, ಇನ್ನು ಕೆಲವರು ಹಳಬರನ್ನು ಕೇಳುತ್ತಾರೆ. ನಾನು ಎಲ್ಲವನ್ನೂ ಮಾಡಿದೆ. ಕೆಲಸಕ್ಕೆ ಬಂದದ್ದು ಮಾತ್ರ ಮುನ್ನೂರು ರೂಪಾಯಿ ಒಳಗೆ ಸಿಗುವ, ಅಂಗಿ ಕಿಸೆಯಲ್ಲಿ ಹಿಡಿಯುವ ಥ್ರೆಡ್ಡಿನ, ಅಂದರೆ ಸ್ಕ್ರೂ ಸುರುಳಿಯ, ಅಂತರ ಅಳೆಯುವ ಆ ಹಲ್ಲು ಹಲ್ಲಿನ ತಗಡುಗಳ ಕಟ್ಟು.

ಲೇತ್ ಸಿಕ್ಕಿದ್ದು ಕಾರವಾರದ ಒಂದು ಗುಜರಿ ಅಂಗಡಿಯಲ್ಲಿ. ಬೆಂಚಿನ ಮೇಲೆ ಕೂರುವಂಥದ್ದು, ಇಬ್ಬರು ಸೇರಿದರೆ ಟೆಂಪೋಗೆ ಏರಿಸಬಹುದು. ತೂಕದ ರೇಟಿಗಿಂತ ಸ್ವಲ್ಪ ಜಾಸ್ತಿಯೇ ಕೊಟ್ಟೆ, ಬೇಜಾರಿಲ್ಲ. ಸಮುದ್ರದ ಗಾಳಿಗೆ ಮೇಲೆಲ್ಲ ತುಕ್ಕು ಹಿಡಿದಿದ್ದರೂ ಯಾರೋ ಪುಣ್ಯಾತ್ಮರು ಬೆಡ್ಡಿಗೆ, ಅಂದರೆ ಲೇತಿನ ಉದ್ದನೆ ತಳಕ್ಕೆ, ಗ್ರೀಸ್ ಬಳಿದಿಟ್ಟಿದ್ದರು, ಅದರ ಕೆಳಗೆ ಕಬ್ಬಿಣ ಹೊಳೆಯುತ್ತಿತ್ತು. ಅಂಕೋಲೆಯಲ್ಲಿ ನನ್ನದು ಸಣ್ಣ ರಿಪೇರಿ ಕೆಲಸ. ದೋಣಿ ಪಂಪಿನ ಬುಶ್, ಅಡಿಕೆ ಸುಲಿಯುವ ಯಂತ್ರದ ಪಿನ್ನು, ಇಂಥವು. ಅಷ್ಟಕ್ಕೆ ಇದು ಧಾರಾಳ ಸಾಕು. ಆದರೆ ತುಂಡನ್ನು ಕಚ್ಚಿ ಹಿಡಿಯುವ ಚಕ್ ಇರಲಿಲ್ಲ, ಗೇರುಗಳಲ್ಲೂ ಒಂದು ಕಾಣೆ. ಚಕ್ ಕೂರಿಸಲು ಅದರ ಹಿಂದಿನ ಬಿಲ್ಲೆ, ಅಂದರೆ ಬ್ಯಾಕ್‌ಪ್ಲೇಟ್ ಬೇಕು, ಬ್ಯಾಕ್‌ಪ್ಲೇಟ್ ಮಾಡಿಸಬೇಕಾದರೆ ತಿರುಗುವ ದಂಡದ, ಅಂದರೆ ಸ್ಪಿಂಡಲಿನ, ಮೂತಿಯಲ್ಲಿರುವ ಥ್ರೆಡ್ ಯಾವುದು ಅಂತ ಹೇಳಬೇಕು. ಇಲ್ಲವಾದರೆ ಅದು ಲಂಡನ್ನಿನದಾದರೇನು, ಲಕ್ನೋದ್ದಾದರೇನು, ನನಗೆ ತಲೆಬಿಸಿ ಇರಲಿಲ್ಲ.

ಫಲಕದಿಂದ ಶುರು ಮಾಡೋಣ. ಸ್ಪಿಂಡಲ್ ಇರುವ ಪೆಟ್ಟಿಗೆ, ಅಂದರೆ ಹೆಡ್‌ಸ್ಟಾಕ್ ಮೇಲೆ ಸಣ್ಣ ಹಿತ್ತಾಳೆ ತಗಡು ಇತ್ತು, ಎರಡು ರಿವೆಟ್ ಹೊಡೆದದ್ದು, ಉಜ್ಜಿದರೆ ಬಾಂಬೆಯ ವಿಳಾಸ ಕಾಣಿಸಿತು. ಸರಿ, ಬಾಂಬೆಯದು ಅಂದುಕೊಳ್ಳಬೇಕಾ? ಇಲ್ಲ. ಅದು ಮಾರಿದವರ ಹೆಸರು. ಹಿಂದೆ ಯಂತ್ರ ತರಿಸಿ ಮಾರುವ ವ್ಯಾಪಾರಿಗಳು ತಮ್ಮದೇ ಫಲಕ ಜಡಿಯುತ್ತಿದ್ದರು, ಯಂತ್ರ ಇಂಗ್ಲೆಂಡಿನಿಂದ ಬಂದಿರಲಿ, ಪಂಜಾಬಿನಿಂದ ಬಂದಿರಲಿ. ಫಲಕಕ್ಕೆ ಹತ್ತಕ್ಕೆ ಎರಡು ಮಾರ್ಕು.

ಬಣ್ಣ ನೋಡಿ ಹೇಳುತ್ತೇನೆ ಅನ್ನುವವರ ಜೊತೆ ವಾದಕ್ಕೆ ಹೋಗಬೇಡಿ.

ಫೋಟೋ ಹುಡುಕಾಟ ಬಿಟ್ಟಿ, ಅದೊಂದೇ ಗುಣ. ನನಗೆ ಬಂದ ಉತ್ತರಗಳಲ್ಲಿ ಅರ್ಧ ಈಗಿನ ಚೀನಾ ಮಿನಿ ಲೇತ್‌ಗಳು. ಅವುಗಳಲ್ಲಿ ಚಕ್ ಅನ್ನು ಸ್ಪಿಂಡಲಿನ ಫ್ಲ್ಯಾಂಜಿಗೆ ಬೋಲ್ಟ್ ಹಾಕಿ ಬಿಗಿಯುತ್ತಾರೆ, ನನ್ನದರಲ್ಲಿ ಥ್ರೆಡ್ ಮೇಲೆ ತಿರುಗಿಸಿ ಕೂರಿಸಬೇಕು, ಅಲ್ಲಿಗೇ ಮುಗಿಯಿತು. ಇನ್ನೊಂದು ಉತ್ತರ ಆಸ್ಟ್ರಿಯಾದ ಹಳೆ ಯೂನಿಮ್ಯಾಟ್. ಅದರ ಬೆಡ್ ಅಂದರೆ ಎರಡು ದುಂಡು ಸರಳು! ಫೋನಿಗೆ ಕಾಣುವುದು ಒಟ್ಟು ಆಕಾರ ಮಾತ್ರ, ಸಣ್ಣ ಲೇತ್‌ಗಳೆಲ್ಲ ದೂರದಿಂದ ಒಂದೇ ಥರ ಇರುತ್ತವೆ.

ಮೇಸ್ತ್ರಿಯವರ ವಿಷಯ ಬೇರೆ. ಬೈತಖೋಲದ ದೋಣಿ ವರ್ಕ್‌ಶಾಪುಗಳಲ್ಲಿ ಆಯುಷ್ಯ ಕಳೆದವರು, ಬೆಡ್ ಮೇಲೆ ಅಂಗೈ ಆಡಿಸಿ, "ಇದು ಇಂಗ್ಲೆಂಡಿಂದೇ ತಮ್ಮಾ, ಮೈಫೋರ್ಡ್ ಇರಬೇಕು" ಅಂದರು. ಮೈಫೋರ್ಡ್ ಅಂದರೆ ನಾಟಿಂಗ್‌ಹ್ಯಾಮ್ ಹತ್ತಿರದ ಬೀಸ್ಟನ್ನಿನಲ್ಲಿದ್ದ ಕಂಪನಿ, ಅವರ ಎಂಎಲ್7 ಅನ್ನುವ ಸಣ್ಣ ಲೇತ್ 1946ರಿಂದ ಹೆಸರುವಾಸಿ. ಆದರೆ ಎಂಎಲ್7 ಬೆಡ್ಡು ಚಪ್ಪಟೆ, ನನ್ನದಕ್ಕೆ ವಿ ಆಕಾರದ ಏಣು ಇದೆ. ಅದನ್ನು ತೋರಿಸಿದರೆ ಅವರು ನಕ್ಕು, ತಮ್ಮ ಹಳೆ ಇಂಚಿನ ಪಾನಾ ತೆಗೆದು ಬುಡದ ಬೋಲ್ಟಿಗೆ ಹಾಕಿದರು. ಸರಕ್ಕನೆ ಕೂತಿತು. "ನೋಡು, ಮಿಲಿಮೀಟರಿನದಲ್ಲ." ಹೆಸರು ತಪ್ಪಿದರೂ ಜಾತಿ ಸರಿ ಹೇಳಿದ್ದರು. ಇಂಥವರು ನಿಮ್ಮ ಊರಲ್ಲಿದ್ದರೆ ಫೋನ್ ಒಳಗಿಟ್ಟು ಅವರ ಹತ್ತಿರ ಹೋಗಿ.

ಈಗ ಗೇಜು. ಅರ್ಧ ಇಂಚಿನ ಬೋಲ್ಟು ಒಂದು ಬಿಚ್ಚಿ ಥ್ರೆಡ್ ನೋಡಿದರೆ ಸಾಕು, ಅರ್ಧ ಕಥೆ ಗೊತ್ತಾಗುತ್ತದೆ. ಇಂಗ್ಲಿಷರ ವಿಟ್ವರ್ಥ್ ಅನ್ನುವ ಅಳತೆಯದಾದರೆ ಇಂಚಿಗೆ 12 ಹಲ್ಲು, ಅಮೆರಿಕದ ಒರಟು ಥ್ರೆಡ್ ಆದರೆ 13. ಹಲ್ಲಿನ ಕೋನವೂ ಬೇರೆ, ವಿಟ್ವರ್ಥ್ 55 ಡಿಗ್ರಿ, ಅಮೆರಿಕದ್ದೂ ಮೆಟ್ರಿಕ್ಕೂ 60. ನನ್ನದು 12. ಉಪಕರಣವನ್ನು ಉದ್ದಕ್ಕೆ ಸಾಗಿಸುವ ಲೀಡ್‌ಸ್ಕ್ರೂ ಇನ್ನೂ ಸುಲಭ, ಉದ್ದಕ್ಕೆ ಸ್ಕೇಲ್ ಇಟ್ಟು ಎಣಿಸಿದೆ, ಇಂಚಿಗೆ 8.

ತಲೆ ತಿಂದದ್ದು ಸ್ಪಿಂಡಲಿನ ಥ್ರೆಡ್. ನನಗೆ ಬೇಕಾಗಿದ್ದೂ ಅದೇ, ಸತಾಯಿಸಿದ್ದೂ ಅದೇ. ಇಂಚಿಗೆ 12 ಅಂದರೆ ಒಂದು ಸುತ್ತಿಗೆ 2.117 ಮಿ.ಮೀ. ಮೆಟ್ರಿಕ್ 2 ಮಿ.ಮೀ. ಪಿಚ್ಚಿಗೂ ಅದಕ್ಕೂ ಕೂದಲೆಳೆ ವ್ಯತ್ಯಾಸ. ಥ್ರೆಡ್ ಇರುವ ಜಾಗ ಗಿಡ್ಡ, ಮೇಲಿನ ಅಂಚು ಸವೆದಿದೆ, ಸಂದಿಯಲ್ಲಿ ಯಾವ ಕಾಲದ್ದೋ ಗಟ್ಟಿ ಎಣ್ಣೆ. ಗೇಜಿನ 2 ಮಿ.ಮೀ. ಎಲೆ ಇಟ್ಟರೆ ಕೂತ ಹಾಗೇ ಕಾಣುತ್ತದೆ, 12ರ ಎಲೆ ಇಟ್ಟರೂ ಕೂತ ಹಾಗೇ ಕಾಣುತ್ತದೆ. ಬ್ಯಾಕ್‌ಪ್ಲೇಟ್ ಮಾಡುವವರಿಗೆ ಸುಮ್ನೆ ಒಂದು ಹೇಳಿ ತಪ್ಪಾದರೆ ಎರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ, ಎರಕದ ದುಡ್ಡೂ ಹೋಯಿತು, ಒತ್ತಿ ತಿರುಗಿಸಿದರೆ ಸ್ಪಿಂಡಲೂ ಹೋಯಿತು.

ದಾರಿ ಸಿಕ್ಕಿದ್ದು ಕಾಗದದಿಂದ. ಸೀಮೆಎಣ್ಣೆ ಹಾಕಿ, ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ, ಒರೆಸಿ ಒಣಗಿಸಿದೆ. ತೆಳು ಬಿಳಿ ಕಾಗದವನ್ನು ಥ್ರೆಡ್ ಮೇಲೆ ಬಿಗಿಯಾಗಿ ಹಿಡಿದು ಪೆನ್ಸಿಲನ್ನು ಅಡ್ಡ ಮಲಗಿಸಿ ತಿಕ್ಕಿದರೆ ಕಪ್ಪು ಗೆರೆಗಳು ಸಾಲಾಗಿ ಮೂಡುತ್ತವೆ. ಮೊದಲ ಗೆರೆಯಿಂದ ಏಳನೇ ಗೆರೆಗೆ ವರ್ನಿಯರ್ ಹಿಡಿದೆ. ನಡುವೆ ಆರು ಪಿಚ್. ಮೆಟ್ರಿಕ್ ಆಗಿದ್ದರೆ 12 ಮಿ.ಮೀ. ಬರಬೇಕು, ಇಂಚಿನದಾದರೆ 12.7. ಒಂದು ಸುತ್ತಿನಲ್ಲಿ ಅಡಗಿ ಕೂತಿದ್ದ ವ್ಯತ್ಯಾಸ ಆರು ಸುತ್ತಿಗೆ 0.7 ಮಿ.ಮೀ. ಆಗಿ ಬಯಲಾಗುತ್ತದೆ. ಬಂದದ್ದು 12.7.

ಹೊರ ವ್ಯಾಸ 28.5 ಚಿಲ್ಲರೆ. ಒಂದೂ ಎಂಟನೇ ಒಂದು ಇಂಚು ಅಂದರೆ 28.575 ಮಿ.ಮೀ. ಸವೆದು ಸ್ವಲ್ಪ ಕಡಿಮೆಯಾಗಬಹುದು, 28ರ ಮೆಟ್ರಿಕ್ ಥ್ರೆಡ್ ಬೆಳೆದು 28.5 ಆಗುವುದಿಲ್ಲ ಅಲ್ವಾ? ಆಮೇಲೆ ವಿಟ್ವರ್ಥ್ ಗೇಜಿನ 12ರ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದೆ, ಸಂದಿಯಲ್ಲಿ ಬೆಳಕು ತೂರಲಿಲ್ಲ. ಮಜಾ ಏನೆಂದರೆ ಎಂಎಲ್7 ಸ್ಪಿಂಡಲ್ ಅಳತೆಯೂ ಇದೇ, ಒಂದೂ ಎಂಟನೇ ಒಂದು ಇಂಚು, 12 ಥ್ರೆಡ್. ಮೇಸ್ತ್ರಿಯವರ ಕೈಗೆ ಏನೋ ಗೊತ್ತಿತ್ತು.

ಹಾಗಂತ ಇಂಚು ಕಂಡ ಕೂಡಲೇ ಇಂಗ್ಲೆಂಡ್ ಅನ್ನುವುದೂ ಸರಿಯಲ್ಲ. ನಮ್ಮಲ್ಲಿ ಮೆಟ್ರಿಕ್ ಕಾನೂನು ಬಂದದ್ದೇ 1956ರಲ್ಲಿ. ಅದಕ್ಕೂ ಮೊದಲು ನಮ್ಮ ಹರಿಹರದಲ್ಲಿ, ಪಂಜಾಬಿನ ಬಟಾಲಾದಲ್ಲಿ ಲೇತ್ ಮಾಡುವವರೆಲ್ಲ ಇಂಚಿನಲ್ಲೇ ಮಾಡುತ್ತಿದ್ದರು. ಇಂಚಿನ ಲೀಡ್‌ಸ್ಕ್ರೂ ಹಾಕುವ ಅಭ್ಯಾಸ ಆಮೇಲೂ ಹೋಗಲಿಲ್ಲ. ಗೇಜು ಮನೆತನ ಹೇಳುತ್ತದೆ, ಮನೆ ಹೇಳುವುದಿಲ್ಲ.

ಮನೆ ಹೇಳಿದ್ದು ಎರಕ. ಲೇತನ್ನು ಮಗುಚಿ ಬೆಡ್ಡಿನ ಒಳಗೆ ಟಾರ್ಚ್ ಹಾಕಿದರೆ, ಬಣ್ಣದ ಪದರದಡಿ ಎರಕದಲ್ಲೇ ಉಬ್ಬಿದ ಒಂದು ಅಕ್ಷರ, ಪಕ್ಕದಲ್ಲಿ ಅಂಕಿ. ನಮ್ಮ ಕಡೆ ಎಲ್ಲರಿಗೂ ಅಷ್ಟಿಷ್ಟು ನಾಗರಿ ಬರುತ್ತದೆ, ನೋಡಿದವರೆಲ್ಲ 'ಮ' ಅಂತಲೇ ಓದಿದರು, ಮುಂಬೈ ಅಂತ ತೀರ್ಮಾನವನ್ನೂ ಕೊಟ್ಟರು. ಹೈವೇ 66ರ ಢಾಬಾದಲ್ಲಿ ಚಾ ಕುಡಿಯುತ್ತಿದ್ದ ಪಂಜಾಬಿನ ಲಾರಿ ಡ್ರೈವರಿಗೆ ಫೋಟೋ ತೋರಿಸಿದೆ. ನಾಗರಿಯ 'ಮ' ಥರ ಕಾಣುವುದು ಗುರುಮುಖಿಯ 'ಸ' ಅಂತೆ. ಬಾಂಬೆಯ ಫಲಕದ ಹಿಂದೆ ಪಂಜಾಬಿನ ಎರಕ! ಬಟಾಲಾವೋ ಲುಧಿಯಾನವೋ, ನನಗೆ ಅಷ್ಟು ಸಾಕು. ಇಂಗ್ಲೆಂಡಿನ ಚಕ್ ಕೂರಲಿ ಅಂತಲೇ ಆ ಅಳತೆ ಇಟ್ಟಿರಬೇಕು ಅಂತ ನನ್ನ ಅಂದಾಜು.

ಎರಕ ಹುಡುಕುವುದಕ್ಕೆ ದುಡ್ಡು ಬೇಡ, ಬೆನ್ನು ಗಟ್ಟಿ ಇರಬೇಕು, ಅಕ್ಷರ ಇದ್ದೇ ಇರುತ್ತದೆ ಅಂತಲೂ ಇಲ್ಲ. ಗೇಜು ಹಾಗಲ್ಲ, ಯಾವ ಲೇತ್ ಆದರೂ ಥ್ರೆಡ್ ಇಲ್ಲದೆ ಇರುವುದಿಲ್ಲ. ಕೊಳ್ಳುವಾಗ ವಿಟ್ವರ್ಥ್, ಮೆಟ್ರಿಕ್ ಎರಡೂ ಕಟ್ಟು ತೆಗೆದುಕೊಳ್ಳಿ, ಒಂದೇ ಇದ್ದರೆ ಅದು ಹೇಳಿದ್ದೇ ಸತ್ಯ ಅನಿಸುತ್ತದೆ. ದುಡ್ಡು, ಪುರುಸೊತ್ತು ಎರಡೂ ಇರುವವರು ಲೇತ್ ಪೂರ್ತಿ ಬಿಚ್ಚಿ ನೋಡಿಕೊಳ್ಳಲಿ. ನನಗೆ ಮಳೆಗಾಲ ಮುಗಿದು ದೋಣಿಗಳು ಇಳಿಯುವ ಮೊದಲು ಲೇತ್ ತಿರುಗಬೇಕಿತ್ತು, ಅದನ್ನು ಮಾಡಿಸಿದ್ದು ಪೆನ್ಸಿಲು ಮತ್ತು ಗೇಜು.

ಚಕ್ ಕೂತಿದೆ. ಗೇರು ಬಾಕಿ. ಉಳಿದ ಗೇರುಗಳಲ್ಲಿ 40 ಹಲ್ಲಿನದರ ಹೊರ ವ್ಯಾಸ 53.3 ಮಿ.ಮೀ. ಇದೆ, ಅಂದರೆ ಇಂಚಿನ ಲೆಕ್ಕದ 20 ಡಿಪಿ (ಒಂದು ಇಂಚು ವ್ಯಾಸಕ್ಕೆ ಎಷ್ಟು ಹಲ್ಲು ಅನ್ನುವ ಅಳತೆ). ಮಿಲಿಮೀಟರ್ ಲೆಕ್ಕದ ಮಾಡ್ಯೂಲ್ 1.25 ಆಗಿದ್ದರೆ 52.5 ಇರುತ್ತಿತ್ತು. ಗೇರ್ ಕತ್ತರಿಸುವವರು ಎರಡೂ ಒಂದೇ, ನಡೆಯುತ್ತದೆ ಅನ್ನುತ್ತಿದ್ದಾರೆ. ಒಪ್ಪಿಲ್ಲ, 20 ಡಿಪಿ ಕಟರ್ ಇರುವವರನ್ನು ಹುಡುಕುತ್ತಿದ್ದೇನೆ.