ಎರಡು ಮೀಟರಿನ ಫೋಮ್ ಗ್ಲೈಡರ್: ಕೋಲಾರದ ಬಯಲಲ್ಲಿ ಎರಡು ಬೇಸಿಗೆ ಹಾರಿದ ಮೇಲೆ

ರೆಕ್ಕೆ ತುದಿಯಿಂದ ತುದಿಗೆ 2 ಮೀಟರ್, ಬ್ಯಾಟರಿ ಸೇರಿ ಸುಮಾರು 850 ಗ್ರಾಂ, ಇಪಿಒ ಎಂಬ ಗಟ್ಟಿ ಫೋಮಿನ ಮೈ, ಮೂಗಿನಲ್ಲಿ ಮಡಚಿಕೊಳ್ಳುವ ಪ್ರೊಪೆಲ್ಲರ್. ಚಾನೆಲ್, ಅಂದರೆ ರೇಡಿಯೊದಿಂದ ಬೇರೆಬೇರೆಯಾಗಿ ಆಡಿಸುವ ಭಾಗ, ಮೂರೇ: ಮೋಟಾರು, ಬಾಲದಲ್ಲಿ ಮೂಗನ್ನು ಎತ್ತಿ ಇಳಿಸುವ ಎಲಿವೇಟರ್, ಎಡಬಲಕ್ಕೆ ತಿರುಗಿಸುವ ರಡರ್. ರೇಡಿಯೊ ಗ್ಲೈಡರ್ ಕಲಿಯುವವರಿಗೆ ಇದು ಸರಿಯಾದ ಮೊದಲ ವಿಮಾನ. ಆದರೆ ಡಬ್ಬಿಯಿಂದ ತೆಗೆದ ಹಾಗೇ ಹಾರಿಸಬೇಡಿ.

ಮೊದಲು ಎಲಿವೇಟರ್ ನೋಡಿ. ಅದರ ಕೀಲು ಬರೀ ತೆಳು ಫೋಮು. ಕೆಲವೇ ವಾರಗಳಲ್ಲಿ ತುದಿಯಿಂದ ಹರಿಯಲು ಶುರುವಾಗುತ್ತದೆ. ಹೊಸದರಲ್ಲೇ ಕೀಲಿನುದ್ದಕ್ಕೂ ಫೈಬರ್ ಟೇಪ್ ಅಂಟಿಸಿದರೆ ಆ ತೊಂದರೆ ಮುಗಿಯಿತು. ಎಲಿವೇಟರನ್ನು ಆಡಿಸುವ ಪುಟ್ಟ ಮೋಟಾರು, ಅಂದರೆ 9 ಗ್ರಾಂ ಸರ್ವೊದ ಪ್ಲಾಸ್ಟಿಕ್ ಗೇರ್ ಒರಟಾಗಿ ಇಳಿದಾಗ ಹಲ್ಲುದುರಿಸುತ್ತದೆ, ಲೋಹದ ಗೇರಿನದು ಹಾಕಿ. ಮೋಟಾರು ನಿಲ್ಲಿಸಿದ ಮೇಲೂ ಪ್ರೊಪೆಲ್ಲರ್ ಗಾಳಿಗೆ ತಿರುಗುತ್ತಿದ್ದರೆ ಇಎಸ್‌ಸಿಯಲ್ಲಿ (ಮೋಟಾರಿನ ವೇಗ ನಿಯಂತ್ರಕ) ಬ್ರೇಕ್ ಆಫ್ ಆಗಿದೆ ಎಂದರ್ಥ. ಆನ್ ಮಾಡದಿದ್ದರೆ ಪ್ರೊಪೆಲ್ಲರ್ ಮಡಚಿಕೊಳ್ಳದೆ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ, ಇಳಿಯುವಾಗ ಮುರಿಯುತ್ತದೆ.

ಇನ್ನು ತೂಕದ ಸಮತೋಲ. ಕೈಪಿಡಿಯ ಗುರುತಿನಲ್ಲಿ ರೆಕ್ಕೆಯಡಿ ಎರಡು ಬೆರಳಿಟ್ಟು ಎತ್ತಿದರೆ ಮೈ ಮಟ್ಟಸವಾಗಿ ನಿಲ್ಲಬೇಕು. ಆಮೇಲೆ ಪರೀಕ್ಷೆಗೆ, ಮೋಟಾರು ಹಾಕದೆ ಎದುರು ಗಾಳಿಗೆ, ಭುಜದ ಎತ್ತರದಿಂದ, ನೇರಕ್ಕೆ ತಳ್ಳಿ, ಮೇಲಕ್ಕೆ ಎಸೆಯಬೇಡಿ. ಮೂಗು ಎತ್ತಿ, ನಿಂತು, ಕುಸಿದರೆ ಬಾಲ ಭಾರ: ಬ್ಯಾಟರಿಯನ್ನು 5 ಮಿ.ಮೀ. ಮುಂದಕ್ಕೆ ಸರಿಸಿ. ನೆಲಕ್ಕೆ ಮೂಗು ಹಾಕಿದರೆ ಹಿಂದಕ್ಕೆ. ಒಂದು ಸಂಜೆ ಪೂರ್ತಿ ಇದಕ್ಕೇ ಹೋದರೂ ಚಿಂತೆಯಿಲ್ಲ. ಇಲ್ಲಿ ಅವಸರ ಮಾಡಿದವರೇ ಮೊದಲ ದಿನ ಮೂಗು ಜಜ್ಜಿಸಿಕೊಳ್ಳುವುದು.

3ಎಸ್ (ಮೂರು ಸೆಲ್‌ಗಳ) 1300 ಎಂಎಎಚ್ ಬ್ಯಾಟರಿಯ ಶೇ 80ರಷ್ಟನ್ನು ಬಳಸಿದರೆ, 20 ಆಂಪಿಯರ್ ಎಳೆತಕ್ಕೆ ಮೋಟಾರು ಮೂರು ನಿಮಿಷ ಓಡುತ್ತದೆ. ಕಡಿಮೆಯೆನಿಸಬಹುದು, ಆದರೆ 20 ಸೆಕೆಂಡಿನಂತೆ ಅದು ಒಂಬತ್ತು ಏರಿಕೆ. ಪ್ರತಿ ಏರಿಕೆಯ ನಂತರ ಎರಡು ಮೂರು ನಿಮಿಷ ತೇಲಿದರೂ ಅರ್ಧ ಗಂಟೆ ಹತ್ತಿರವಾಯಿತು. ಥರ್ಮಲ್, ಅಂದರೆ ಮೇಲೇರುವ ಬಿಸಿಗಾಳಿ, ಸಿಕ್ಕರೆ ಲೆಕ್ಕವೇ ಬೇರೆ. ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಿರುವ ಜಾಗಕ್ಕೆ ಹೋಗಿ ನೀವೂ ಸುತ್ತಿ.

ತಿರುವಿನಲ್ಲಿ ರಡರ್ ಹಿಡಿದೇ ಇರುವುದು ಹೊಸಬರ ದೊಡ್ಡ ತಪ್ಪು. ರೆಕ್ಕೆ ಇನ್ನಷ್ಟು ವಾಲಿ, ಮೂಗು ಕೆಳಗಾಗಿ ಸುರುಳಿ ಬೀಳುತ್ತದೆ. ಆಗ ಮೂಗೆತ್ತಲು ಎಲಿವೇಟರ್ ಎಳೆದರೆ ಸುರುಳಿ ಮತ್ತಷ್ಟು ಬಿಗಿಯಾಗುತ್ತದೆ. ಮೊದಲು ರಡರ್ ಬಿಟ್ಟು ರೆಕ್ಕೆ ಮಟ್ಟಸ ಮಾಡಿ, ಆಮೇಲೆ ಮೆಲ್ಲಗೆ ಎಳೆಯಿರಿ. ವೇಗದಲ್ಲಿ ಜೋರಾಗಿ ಎಳೆದರೆ ರೆಕ್ಕೆ ಮಡಚಿಹೋಗುತ್ತದೆ. ಈ ಗ್ಲೈಡರಿಗೆ ಸ್ಪಾಯ್ಲರ್ (ಬೇಗ ಇಳಿಯಲು ರೆಕ್ಕೆಯ ಮೇಲೆ ಎದ್ದು ನಿಲ್ಲುವ ಪಟ್ಟಿ) ಇಲ್ಲದಿರುವುದೇ ನನ್ನ ದೊಡ್ಡ ತಕರಾರು: ಬಲವಾದ ಥರ್ಮಲ್‌ನಿಂದ ಇಳಿಸುವುದು ಕಷ್ಟ. ಡೈವ್ ಹೊಡೆಸದೆ ಪಕ್ಕದ ಇಳಿಗಾಳಿಗೆ ಸರಿಯಿರಿ.

ಗಾಳಿ ಗಂಟೆಗೆ 15 ಕಿ.ಮೀ. ದಾಟಿದರೆ ಹಾರಿಸಬೇಡಿ. ಆಷಾಢದ ಗಾಳಿಯಲ್ಲಿ ಇದು ಮುಂದಕ್ಕೇ ಹೋಗದು. ಗಾಳಿ ಬೀಸಿ ಬರುವ ದಿಕ್ಕಿನಲ್ಲೇ ವಿಮಾನ ಇರಲಿ. ಹಿಂದಕ್ಕೆ ಬಿಟ್ಟರೆ ನೀಲಗಿರಿ ತೋಪಿನಲ್ಲೇ ಹುಡುಕಬೇಕು. ರಾಗಿ ಕೊಯ್ಲಾದ ಹೊಲ, ಮಾಲೀಕರನ್ನು ಕೇಳಿಕೊಂಡರೆ, ಇಳಿಸಲು ಎಲ್ಲಕ್ಕಿಂತ ಒಳ್ಳೆಯದು. ಕೆರೆಯಂಗಳವೂ ಆಗುತ್ತದೆ, ಆದರೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೆ.ಸಿ. ವ್ಯಾಲಿ ನೀರು ಬರುತ್ತಿರುವುದರಿಂದ ಹೋದ ವರ್ಷ ಒಣಗಿದ್ದ ಕೆರೆ ಈಗ ತುಂಬಿರಬಹುದು. ಒಣಗಿದ್ದರೂ ಜಾಲಿ ಮುಳ್ಳು ಫೋಮಿಗೆ ಚುಚ್ಚುತ್ತದೆ.

ಡ್ರೋನ್ ನಿಯಮ 2021ರ ಪ್ರಕಾರ ಹಸಿರು ವಲಯದಲ್ಲಿ (ಪೂರ್ವಾನುಮತಿ ಬೇಡದ ಜಾಗ) ಎತ್ತರದ ಮಿತಿ 400 ಅಡಿ. ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ಒಳಗೆ ಅದು 200 ಅಡಿ. ಚಿಕ್ಕಬಳ್ಳಾಪುರದ ಕಡೆಯವರು ದೇವನಹಳ್ಳಿ ದಿಕ್ಕಿಗೆ ಬರುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ತಾಣದ ವಲಯ ನಕ್ಷೆ ನೋಡಿಕೊಳ್ಳಿ.

ರಿಪೇರಿ ಸುಲಭ. ಜಜ್ಜಿದ ಮೂಗನ್ನು ಬಿಸಿನೀರಿನಲ್ಲಿ ಹಿಡಿದರೆ ಫೋಮು ಉಬ್ಬಿ ಬಹುಪಾಲು ಸರಿಹೋಗುತ್ತದೆ. ಥರ್ಮೊಕೋಲಿನ ಹಾಗೆ ಇದು ಸೂಪರ್ ಗ್ಲೂಗೆ ಕರಗುವುದಿಲ್ಲ, ಆದರೂ ಮೂಗಿಗೆ ಐದು ನಿಮಿಷದ ಎಪಾಕ್ಸಿಯೇ ಗಟ್ಟಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ರೆಕ್ಕೆ ಗುಳ್ಳೆ ಏಳುತ್ತದೆ, ಅದಕ್ಕೆ ಮಾತ್ರ ಮದ್ದಿಲ್ಲ. ಹಾರಿಸದ ವಾರಗಳಲ್ಲಿ ಬ್ಯಾಟರಿ ಸೆಲ್‌ಗೆ 3.8 ವೋಲ್ಟ್‌ನಲ್ಲಿರಲಿ; ತುಂಬಿಸಿಟ್ಟರೆ ಊದಿಕೊಳ್ಳುತ್ತದೆ.

5ಕ್ಕೆ 4 ಅಂಕ. ಕೊಳ್ಳುವಾಗಲೇ ಒಂದು ಜೊತೆ ಪ್ರೊಪೆಲ್ಲರ್ ಎಲೆ, ಒಂದು ಹೆಚ್ಚುವರಿ ಬ್ಯಾಟರಿ, ರೆಕ್ಕೆಯೊಳಗಿನ ಕಾರ್ಬನ್ ಕೊಳವೆ ತರಿಸಿಟ್ಟುಕೊಳ್ಳಿ.