ಉಲ್ವೆಯೋ ಖಾರ್‌ಘರೋ: ಎರಡು ಬಾಡಿಗೆ ಮನೆಗಳ ಅನುಭವ

ನನ್ನ ಕಚೇರಿ ನವಿ ಮುಂಬಯಿಯ ವಾಶಿಯಲ್ಲಿ. ಉಲ್ವೆ, ಖಾರ್‌ಘರ್ ಎರಡೂ ಅದೇ ನಗರದ ಬಡಾವಣೆಗಳು. ಮೊದಲ ಹನ್ನೊಂದು ತಿಂಗಳು ಉಲ್ವೆಯಲ್ಲಿದ್ದೆ. ಖಾರ್‌ಘರ್‌ನಲ್ಲಿ ಈಗ ಹನ್ನೊಂದನೆಯ ತಿಂಗಳು. ನವಿ ಮುಂಬಯಿಗೆ ಕೆಲಸಕ್ಕೆ ಬರುವ ನಮ್ಮೂರಿನ ಹುಡುಗರು ಎಲ್ಲಿ ಮನೆ ಹಿಡಿಯಲಿ ಎಂದು ಕೇಳುತ್ತಲೇ ಇರುತ್ತಾರೆ.

ಮನೆಯನ್ನಷ್ಟೇ ನೋಡಿದರೆ ಉಲ್ವೆಯೇ ಮೇಲು. ಹೊಸ ಕಟ್ಟಡ, ಎರಡು ಲಿಫ್ಟು, ಅಡುಗೆಮನೆಗೂ ಬಿಸಿಲು ಬರುವ ಒನ್ ಬಿಎಚ್‌ಕೆ, ಬಾಡಿಗೆ 12,000. ಖಾರ್‌ಘರ್‌ನಲ್ಲಿ ಉತ್ಸವ ಚೌಕದ ಹತ್ತಿರ ಅದಕ್ಕಿಂತ ಇಕ್ಕಟ್ಟಾದ ಮನೆಗೆ 18,000 ಕೊಡುತ್ತಿದ್ದೇನೆ. ಹಳೆಯ ಕಟ್ಟಡ. ಜುಲೈ ಮಳೆಗೆ ಗೋಡೆ ತೇವ ಹಿಡಿದು, ಕಪಾಟಿನಲ್ಲಿದ್ದ ಅಮ್ಮನ ರೇಷ್ಮೆ ಸೀರೆಗೆ ಬೂಷ್ಟು ಬಂತು. ಆ ದಿನ ಉಲ್ವೆ ಬಿಟ್ಟಿದ್ದಕ್ಕೆ ನಿಜಕ್ಕೂ ಹೊಟ್ಟೆ ಉರಿಯಿತು.

ಆದರೂ ಅಲ್ಲಿಂದ ನನ್ನನ್ನು ಎಬ್ಬಿಸಿದ್ದು ರೈಲು. ಉಲ್ವೆಯ ಬಾಮಣಡೊಂಗ್ರಿ, ಖಾರ್ಕೋಪರ್ ನಿಲ್ದಾಣಗಳಿಗೆ 2018ರಲ್ಲೇ ಲೋಕಲ್ ಬಂತು. 2024ರ ಜನವರಿಯಲ್ಲಿ ಉರಣ್‌ವರೆಗೂ ಹೋಯಿತು. ಕೂರಲು ಜಾಗವೂ ಸಿಗುತ್ತದೆ, ಆದರೆ ಗಾಡಿಗಳೇ ಕಡಿಮೆ. ವಾಶಿಯಿಂದ ಬಂದವರು ನೆರೂಲ್‌ನಲ್ಲಿ ಗಾಡಿ ಬದಲಿಸಬೇಕು. ಒಂದು ಸಂಜೆ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಉರಣ್ ಗಾಡಿಯ ಕೊನೆಯ ಡಬ್ಬಿ ಪ್ಲಾಟ್‌ಫಾರ್ಮ್ ದಾಟುತ್ತಿತ್ತು. ಮುಂದಿನದಕ್ಕೆ ಐವತ್ತು ನಿಮಿಷ ಕಾದೆ. ವಾಶಿಯಲ್ಲಿ ಕೊಂಡ ಮೆಂತ್ಯ ಸೊಪ್ಪು ಮನೆ ಸೇರುವಾಗ ಚೀಲದಲ್ಲೇ ಬಾಡಿ ಮುದ್ದೆಯಾಗಿತ್ತು. ವಾರಕ್ಕೆ ಇಂಥ ಎರಡು ಸಂಜೆ ಹೋದರೆ ತಿಂಗಳಿಗೆ ಉಳಿಯುವ ಆರು ಸಾವಿರ ನನಗೆ ಬೇಡ.

ಖಾರ್‌ಘರ್‌ನಲ್ಲಿ ಪನ್ವೇಲ್‌ನ ಹಾರ್ಬರ್ ಮಾರ್ಗದ ಲೋಕಲ್‌ಗಳು ನಿಲ್ಲುತ್ತವೆ, ವಾಶಿಗೆ ನೇರ. ನೂಕುನುಗ್ಗಲು ಇದ್ದೇ ಇದೆ. ಒಂದು ತಪ್ಪಿದರೆ ಇನ್ನೊಂದು ಎಂಬ ನೆಮ್ಮದಿಯೂ ಇದೆ. ರೈಲು ನಿಲ್ದಾಣ ಊರಿನ ಒಂದು ಅಂಚಿಗಿದೆ, ಒಳಗಿನ ಸೆಕ್ಟರ್‌ಗಳಿಗೆ ದೂರ. 2023ರ ನವೆಂಬರ್‌ನಲ್ಲಿ ಶುರುವಾದ ಬೇಲಾಪುರ–ಪೆಂಧರ್ ಮೆಟ್ರೊ ಆ ಕೊರತೆಯನ್ನು ಸಾಕಷ್ಟು ತುಂಬಿದೆ. ದಲ್ಲಾಳಿ 'ಹತ್ತೇ ನಿಮಿಷ' ಎಂದರೆ ನಂಬದೆ, ಮುಂಗಡ ಕೊಡುವ ಮೊದಲು ನಿಲ್ದಾಣದಿಂದ ಮನೆಯವರೆಗೆ ಒಮ್ಮೆ ನಡೆದು ನೋಡಿ.

ಮನೆಯಿಂದಲೇ ಕೆಲಸ ಮಾಡುವವರಿಗೆ, ಅಥವಾ ಸ್ವಂತ ಕಾರಿನಲ್ಲಿ ಸಮುದ್ರದ ಮೇಲಿನ ಅಟಲ್ ಸೇತು ಹತ್ತಿ ಮುಂಬಯಿಯ ಶಿವಡಿ ಕಡೆಗೆ ಹೋಗುವವರಿಗೆ ಉಲ್ವೆಯನ್ನೇ ಹೇಳುತ್ತೇನೆ. ಎಲ್ಲೇ ಇರಿ, ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರನ್ನು ನೋಂದಾಯಿಸದೆ ಬಿಡಬೇಡಿ. ಮಹಾರಾಷ್ಟ್ರದಲ್ಲಿ ಅದು ಕಡ್ಡಾಯ.

ಮುಂದಿನ ವಾರ ನನ್ನ ಕರಾರು ಮುಗಿಯುತ್ತದೆ. ಮಳೆಗೆ ಮುಂಚೆ ಆ ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿಸಿಕೊಡಿ, ಇನ್ನೊಂದು ವರ್ಷ ಇಲ್ಲೇ ಇರುತ್ತೇನೆ ಎಂದು ಮಾಲೀಕರಿಗೆ ಹೇಳಿದ್ದೇನೆ.