ಹಾಸಿಗೆ ಹಿಡಿದ ಹಿರಿಯರಿಗೆ ಯಾವ ತೈಲ: ನೀಲಗಿರಿ, ವಿಂಟರ್‌ಗ್ರೀನ್, ಮಜ್ಜಿಗೆ ಹುಲ್ಲು

ಆಗುಂಬೆ, ಹೊಸನಗರದ ಕಡೆ ಮಳೆ ಕೂತಿತೆಂದರೆ ಮಲಗಿದಲ್ಲೇ ಇರುವ ಹಿರಿಯರಿಗೆ ಮೂಗು ಕಟ್ಟುವುದು, ಮಂಡಿ ನೋವು ಎರಡೂ ಒಟ್ಟಿಗೇ ಶುರು. ಮನೆ ಆರೈಕೆಯಲ್ಲಿ ಈ ಮೂರೂ ತೈಲಗಳನ್ನು ಬಳಸಿ ನೋಡಿದ್ದೇವೆ. ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ.

ಕಟ್ಟಿದ ಮೂಗಿಗೆ ನೀಲಗಿರಿಯೇ ಸರಿ. ಅದರ ಸಿನಿಯೋಲ್ ಅಂಶದಿಂದ ಉಸಿರು ಸರಾಗವಾದಂತೆ ಅನಿಸುತ್ತದೆ. ಕಫವೇ ಕರಗಿಹೋಯಿತೆಂದು ತಿಳಿಯಬಾರದು. ಮಲಗಿದವರ ಮುಂದೆ ಬಿಸಿನೀರಿನ ಪಾತ್ರೆ ಇಡಲೇಬೇಡಿ, ಒಮ್ಮೆ ಮಗುಚಿದರೆ ತೊಡೆ ಸುಡುತ್ತದೆ. ಹತ್ತಿಗೆ ಎರಡು ಹನಿ ಹಾಕಿ ದಿಂಬಿನಿಂದ ಒಂದು ಗೇಣು ದೂರ ಹದಿನೈದು ನಿಮಿಷ ಇಟ್ಟರೆ ಸಾಕು. ಉಬ್ಬಸ ಇರುವವರಿಗೆ ಬೇಡ, ಕೆಲವರಿಗೆ ಕೆಮ್ಮು ಕೆರಳುತ್ತದೆ. ಆಕ್ಸಿಜನ್ ಹಾಕಿದ್ದರೆ ಮುಖದ ಹತ್ತಿರ ಯಾವ ಎಣ್ಣೆಯೂ ಕೂಡದು, ಬೆಂಕಿಯ ಅಪಾಯ.

ಮಂಡಿ ನೋವಿಗೆ ವಿಂಟರ್‌ಗ್ರೀನ್ ಎಂಬ ಗಿಡದ ಎಲೆಯ ತೈಲ ಮೇಲು. ಆದರೆ ಮೂರರಲ್ಲಿ ಹೆಚ್ಚು ಎಚ್ಚರ ಬೇಕಾದದ್ದೂ ಇದೇ. ಇದು ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್‌ನ ಹತ್ತಿರದ ಸಂಬಂಧಿ. ಒಂದು ಟೀ ಚಮಚ, ಅಂದರೆ 5 ಮಿ.ಲೀ. ನುಂಗಿದರೆ ಸುಮಾರು 7 ಗ್ರಾಂ ಆಸ್ಪಿರಿನ್ ನುಂಗಿದಷ್ಟು. ಮಕ್ಕಳ ಜೀವಕ್ಕೇ ಕುತ್ತು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಆಸ್ಪಿರಿನ್ ಆಗದವರಿಗೆ ಹಚ್ಚಬೇಡಿ. ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಟ್ಟರೂ, ಬಿಗಿಯಾಗಿ ಬಟ್ಟೆ ಸುತ್ತಿದರೂ ತೈಲ ಹೆಚ್ಚು ಇಳಿದು ಚರ್ಮ ಸುಟ್ಟಂತಾಗುತ್ತದೆ.

ಬೆರೆಸುವ ಅಳತೆ: 30 ಮಿ.ಲೀ. ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಗೆ 6 ಹನಿ ವಿಂಟರ್‌ಗ್ರೀನ್, ಅಂದರೆ ಸುಮಾರು ಶೇ. 1. ಇದು ಹೊಂದಿದರೆ ಮಾತ್ರ 12 ಹನಿಯವರೆಗೆ ಹೋಗಬಹುದು. ಮೊದಲು ಮೊಣಕೈ ಒಳಗೆ ಹಚ್ಚಿ ಒಂದು ದಿನ ನೋಡಿ. ಇಲ್ಲೊಂದು ಮಲೆನಾಡಿನ ತೊಡಕಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಮೇಲೆ ಬಿಟ್ಟ ಹನಿ ಬೆರೆಯದೆ ಒಂದೇ ಕಡೆ ನಿಲ್ಲುತ್ತದೆ, ಬೆರಳಿಗೆ ಬಂದದ್ದು ಅಪ್ಪಟ ತೈಲ. ಮರುದಿನ ಮಂಡಿಯ ಮೇಲೆ ಕೆಂಪು ಮಚ್ಚೆ. ಮಳೆಗಾಲಕ್ಕೆ ಎಳ್ಳೆಣ್ಣೆಯೇ ಅನುಕೂಲ.

ಮಜ್ಜಿಗೆ ಹುಲ್ಲಿನ ತೈಲ ಕೋಣೆಗೆ ಮಾತ್ರ. ಅದರ ಸಿಟ್ರಾಲ್ ಎಂಬ ಅಂಶ ವಯಸ್ಸಾದವರ ತೆಳು ಚರ್ಮಕ್ಕೆ ಉರಿ ತರಬಲ್ಲದು. ಒಣಗದ ಬಟ್ಟೆಯ ಮುಗ್ಗುಲು ವಾಸನೆಗೆ ನೀರಿನ ಡಿಫ್ಯೂಸರ್‌ನಲ್ಲಿ (ಪರಿಮಳ ಹರಡುವ ಸಾಧನ) ನಾಲ್ಕು ಹನಿ, ಇಪ್ಪತ್ತು ನಿಮಿಷ, ಕಿಟಕಿ ಸ್ವಲ್ಪ ತೆರೆದಿರಲಿ. ಗಾಯ ಇದ್ದವರ ಕೋಣೆಯಲ್ಲಿ ಡ್ರೆಸ್ಸಿಂಗ್ ಬದಲಿಸುವ ಮೊದಲು ಹಾಕಲೇಬಾರದು. ಗಾಯದ ವಾಸನೆ ಬದಲಾಗುವುದು ಕೀವಿನ ಮುನ್ಸೂಚನೆ ಇರಬಹುದು, ಸುಗಂಧ ಅದನ್ನು ಮುಚ್ಚಿಬಿಡುತ್ತದೆ.

ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಒತ್ತಡದಿಂದ ಕೆಂಪಾದ ಜಾಗಕ್ಕೆ ಈ ಮೂರರಲ್ಲಿ ಯಾವುದೂ ಬೇಡ. ಉಜ್ಜಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆರಳಿಂದ ಮೆಲ್ಲಗೆ ಒತ್ತಿದಾಗಲೂ ಕೆಂಪು ಮಾಸದಿದ್ದರೆ ವೈದ್ಯರಿಗೆ ತೋರಿಸಿ.